ತೂಕ ಒಂದೇ, ಭಾರ ಬೇರೆ

ಕ್ರೀಡಾ ಸಾಮಗ್ರಿಯ ಅಂಗಡಿಯಲ್ಲಿ ಬ್ಯಾಟು ಆರಿಸುವವರನ್ನು ಸ್ವಲ್ಪ ಹೊತ್ತು ಗಮನಿಸಿದರೆ ಒಂದು ವಿಚಿತ್ರ ಕಾಣಸಿಗುತ್ತದೆ. ಎರಡು ಬ್ಯಾಟುಗಳ ಮೇಲೂ 1,180 ಗ್ರಾಂ ಎಂಬ ಚೀಟಿ ಇರುತ್ತದೆ. ತಕ್ಕಡಿಗಿಟ್ಟರೂ ಅಷ್ಟೇ ತೂಗುತ್ತವೆ. ಆದರೆ ಎರಡನ್ನೂ ಒಂದೊಂದು ಸಲ ಗಾಳಿಯಲ್ಲಿ ಬೀಸಿ ನೋಡಿದ ಹುಡುಗ ಒಂದನ್ನು ಕೂಡಲೇ ಗೋಡೆಗೆ ಒರಗಿಸುತ್ತಾನೆ, ಇನ್ನೊಂದನ್ನು ಕೈಬಿಡುವುದೇ ಇಲ್ಲ. 'ಇದರ ಪಿಕಪ್ ಚೆನ್ನಾಗಿದೆ' ಎಂದು ಅಂಗಡಿಯವರೂ ಒಪ್ಪುತ್ತಾರೆ. ಈ ಪಿಕಪ್ ಎಂಬುದು ಬ್ಯಾಟಿನಲ್ಲಿ ಎಲ್ಲಿದೆ, ಅದನ್ನು ಅಳೆಯುವುದು ಹೇಗೆ ಎಂದು ಕೇಳಿದರೆ ಮಾತ್ರ ಉತ್ತರ ಸ್ಪಷ್ಟವಾಗುವುದಿಲ್ಲ. ಅದು ಕೈಗೆ ಗೊತ್ತಾಗುತ್ತದೆ, ಅಷ್ಟೇ ಅನ್ನುತ್ತಾರೆ.

ಕ್ರಿಕೆಟ್ಟಿನ ನಿಯಮಗಳೂ ಈ ವಿಷಯದಲ್ಲಿ ನೆರವಿಗೆ ಬರುವುದಿಲ್ಲ. ಬ್ಯಾಟಿನ ಉದ್ದ 96.52 ಸೆಂಟಿಮೀಟರ್ ಮೀರಬಾರದು, ಅಗಲ 10.8 ಸೆಂಟಿಮೀಟರ್ ದಾಟಬಾರದು. 2017ರ ನಿಯಮಾವಳಿ ಬಂದ ಮೇಲೆ ದಪ್ಪಕ್ಕೆ 6.7 ಸೆಂಟಿಮೀಟರ್, ಅಂಚಿಗೆ 4 ಸೆಂಟಿಮೀಟರ್ ಮಿತಿಯೂ ಸೇರಿದೆ. ಆದರೆ ತೂಕದ ಬಗ್ಗೆ ನಿಯಮ ಒಂದಕ್ಷರವನ್ನೂ ಹೇಳುವುದಿಲ್ಲ. ಡಾನ್ ಬ್ರಾಡ್ಮನ್ ಒಂದು ಕಿಲೋದ ಆಸುಪಾಸಿನ ಬ್ಯಾಟಿನಲ್ಲಿ ರನ್ನುಗಳ ರಾಶಿ ಹಾಕಿದರು. ಸಚಿನ್ ತೆಂಡೂಲ್ಕರ್ 1.4 ಕಿಲೋದ ಆಸುಪಾಸಿನದನ್ನು ಹಿಡಿದು ಅದೇ ಕೆಲಸ ಮಾಡಿದರು. ಒಳ್ಳೆಯ ಬ್ಯಾಟಿನ ಗುಟ್ಟು ತೂಕದಲ್ಲೇ ಇದ್ದಿದ್ದರೆ ಇವರಿಬ್ಬರಲ್ಲಿ ಒಬ್ಬರಾದರೂ ಎಡವಬೇಕಿತ್ತು.

ಬ್ಯಾಟು ಭಾರ ಅನ್ನಿಸಿದಾಗ ಮನೆಯಲ್ಲೇ ಮಾಡಿಕೊಳ್ಳುವ ರಿಪೇರಿಗಳು ಹಲವು. ಹ್ಯಾಂಡಲಿಗೆ ಇನ್ನೊಂದು ಗ್ರಿಪ್ ಏರಿಸು, ಮೇಲ್ಭಾಗ ಭಾರವಾಗಿ ಕೆಳಭಾಗ ಹಗುರಾಗುತ್ತದೆ ಎಂಬುದು ಅವುಗಳಲ್ಲೆಲ್ಲ ಜನಪ್ರಿಯವಾದದ್ದು. ಬೆನ್ನಿನ ಮರ ಉಜ್ಜು, ಎಣ್ಣೆ ಹಚ್ಚಬೇಡ, ಬ್ಯಾಟಿನ ಕೆಳತುದಿಯಾದ ಟೋಗೆ ರಬ್ಬರ್ ಅಂಟಿಸು, ಅಂಟಿಸಬೇಡ ಎಂಬ ಸಲಹೆಗಳು ಆಮೇಲೆ ಬರುತ್ತವೆ. ಈ ಸಲಹೆಗಳನ್ನೆಲ್ಲ ಒಂದೇ ಅಳತೆಗೋಲಿನಲ್ಲಿ ಅಳೆಯಲು ಸಾಧ್ಯ. ಹಾಗೆ ಅಳೆದರೆ ಅತಿ ಜನಪ್ರಿಯ ಸಲಹೆಯೇ ಅತಿ ನಿರುಪಯೋಗಿ ಎಂದು ತೋರುತ್ತದೆ. ಯಾರೂ ಲೆಕ್ಕಕ್ಕೇ ಹಿಡಿಯದ ಎರಡು ಸಂಗತಿಗಳು ಎಲ್ಲಕ್ಕಿಂತ ಮುಖ್ಯವಾಗುತ್ತವೆ.

ಮೂರು ಬಗೆಯ ಭಾರ

ಒಂದು ಸುತ್ತಿಗೆ ತೆಗೆದುಕೊಳ್ಳಿ. ಎಂದಿನಂತೆ ಮರದ ಹಿಡಿಯ ತುದಿ ಹಿಡಿದು ಅತ್ತಿತ್ತ ಆಡಿಸಿ. ನಂತರ ಅದನ್ನೇ ತಿರುಗಿಸಿ, ಕಬ್ಬಿಣದ ತಲೆಯನ್ನು ಮುಷ್ಟಿಯಲ್ಲಿಟ್ಟುಕೊಂಡು ಮರದ ತುದಿಯನ್ನು ಆಡಿಸಿ. ಸುತ್ತಿಗೆಯ ತೂಕದಲ್ಲಿ ಒಂದು ಗ್ರಾಂ ಕೂಡ ವ್ಯತ್ಯಾಸವಾಗಿಲ್ಲ. ಆದರೂ ಎರಡನೆಯ ಸಲ ಅದು ಕಡ್ಡಿಯಂತೆ ಆಡುತ್ತದೆ. ವಸ್ತು ಎಷ್ಟಿದೆ ಎಂಬುದಕ್ಕಿಂತ ಅದು ಕೈಯಿಂದ ಎಷ್ಟು ದೂರದಲ್ಲಿದೆ ಎಂಬುದನ್ನು ಮಣಿಕಟ್ಟು ಹೆಚ್ಚು ಗಮನಿಸುತ್ತದೆ. ಅಂಗಡಿಯ ಎರಡು ಬ್ಯಾಟುಗಳ ನಡುವಿನ ವ್ಯತ್ಯಾಸವೂ ಇದೇ. ಒಂದರ ಮರ ಟೋ ಕಡೆ ತುಂಬಿಕೊಂಡಿದೆ, ಇನ್ನೊಂದರದು ಮೇಲಕ್ಕೆ ಸರಿದಿದೆ. ತಕ್ಕಡಿಗೆ ಒಟ್ಟು ಮೊತ್ತ ಮಾತ್ರ ತಿಳಿಯುತ್ತದೆ, ಹಂಚಿಕೆ ತಿಳಿಯುವುದಿಲ್ಲ.

ಹಾಗಾಗಿ ಬ್ಯಾಟಿನ ವಿಷಯದಲ್ಲಿ ಮೂರು ಭಾರಗಳನ್ನು ಬೇರೆಬೇರೆಯಾಗಿ ಎಣಿಸಬೇಕು. ಮೊದಲನೆಯದು ತಕ್ಕಡಿ ತೋರಿಸುವ ತೂಕ. ಎರಡನೆಯದನ್ನು ಹಿಡಿಭಾರ ಎನ್ನೋಣ: ಹ್ಯಾಂಡಲಿನ ಮೇಲ್ಭಾಗವನ್ನು ಒಂದೇ ಕೈಯಲ್ಲಿ ಹಿಡಿದು ಬ್ಯಾಟನ್ನು ನೆಲಕ್ಕೆ ಸಮಾಂತರವಾಗಿ ಚಾಚಿ ನಿಂತರೆ ಅದು ಮಣಿಕಟ್ಟನ್ನು ಕೆಳಕ್ಕೆ ಎಳೆಯುತ್ತದಲ್ಲ, ಆ ಎಳೆತ. ಇಲ್ಲಿ ಪ್ರತಿ ಗ್ರಾಮಿಗೂ ಕೈಯಿಂದ ಅದರ ದೂರಕ್ಕೆ ತಕ್ಕ ಬೆಲೆ. ದೂರ ಎರಡು ಪಟ್ಟಾದರೆ ಎಳೆತವೂ ಎರಡು ಪಟ್ಟು. ಮೂರನೆಯದು ಬೀಸುಭಾರ: ನಿಂತಿರುವ ಬ್ಯಾಟನ್ನು ತಿರುಗಿಸಲು ಹೊರಟಾಗ, ತಿರುಗುತ್ತಿರುವುದನ್ನು ನಡುವೆ ತಡೆಯಲು ಹೊರಟಾಗ ಅದು ತೋರುವ ಹಟ. ಇಂಜಿನಿಯರುಗಳು ಇದನ್ನು ಮೊಮೆಂಟ್ ಆಫ್ ಇನರ್ಷಿಯಾ ಎನ್ನುತ್ತಾರೆ.

ಬೀಸುಭಾರದಲ್ಲಿ ದೂರಕ್ಕೆ ಎರಡೆರಡು ಸಲ ಬೆಲೆ ತೆರಬೇಕು. ಟೋನಲ್ಲಿರುವ ಒಂದು ಗ್ರಾಂ ಮರ, ಹ್ಯಾಂಡಲಿನಲ್ಲಿರುವ ಒಂದು ಗ್ರಾಮಿಗಿಂತ ಅಷ್ಟೇ ಹೊತ್ತಿನಲ್ಲಿ ಹೆಚ್ಚು ದೂರ ಓಡಬೇಕು. ಅದಕ್ಕೆ ಹೆಚ್ಚಿನ ಬಲ ಬೇಕು. ಆ ಬಲವನ್ನು ಉದ್ದನೆಯ ಬ್ಯಾಟಿನ ಈ ತುದಿಯಲ್ಲಿ ನಿಂತ ಕೈ ಆ ತುದಿಗೆ ಮುಟ್ಟಿಸಬೇಕು. ಅದಕ್ಕೆ ಇನ್ನಷ್ಟು ಶ್ರಮ. ಎರಡೂ ಸೇರಿ ಗುಣಾಕಾರವಾಗುವುದರಿಂದ ದೂರ ಎರಡು ಪಟ್ಟಾದರೆ ಹಟ ನಾಲ್ಕು ಪಟ್ಟು, ಮೂರು ಪಟ್ಟಾದರೆ ಒಂಬತ್ತು ಪಟ್ಟು. ಕೈಯಿಂದ 10 ಸೆಂಟಿಮೀಟರ್ ಆಚೆ ಇರುವ ಒಂದು ಗ್ರಾಮಿಗೂ 70 ಸೆಂಟಿಮೀಟರ್ ಆಚೆ ಇರುವ ಒಂದು ಗ್ರಾಮಿಗೂ ಬೀಸುಭಾರದಲ್ಲಿ 49 ಪಟ್ಟು ಅಂತರವಿದೆ. ಈ ಅಧ್ಯಾಯದ ಉಳಿದ ಲೆಕ್ಕಗಳೆಲ್ಲ ಇದೊಂದರ ಮೇಲೆ ನಿಂತಿವೆ.

ಬೀಸುವ ವೇಗವನ್ನು ತೂಕವೇ ನಿರ್ಧರಿಸುತ್ತದೆಯೋ ಬೀಸುಭಾರವೋ ಎಂಬುದನ್ನು ಸಿಡ್ನಿ ವಿಶ್ವವಿದ್ಯಾಲಯದ ಭೌತವಿಜ್ಞಾನಿ ರಾಡ್ ಕ್ರಾಸ್ ಪರೀಕ್ಷಿಸಿ ನೋಡಿದ್ದಾರೆ. ತೂಕ ಒಂದೇ ಆಗಿ ಬೀಸುಭಾರ ಬೇರೆಬೇರೆ ಇರುವ ದಂಡಗಳನ್ನೂ ಬೀಸುಭಾರ ಒಂದೇ ಆಗಿ ತೂಕ ಬೇರೆಬೇರೆ ಇರುವ ದಂಡಗಳನ್ನೂ ಅವರು ವಿದ್ಯಾರ್ಥಿಗಳ ಕೈಯಲ್ಲಿ ಬೀಸಿಸಿದರು. ತೂಕ ಬಹಳಷ್ಟು ಬದಲಾದರೂ ಬೀಸುಭಾರ ಹಾಗೇ ಇದ್ದಾಗ ವೇಗ ಹೆಚ್ಚುಕಡಿಮೆ ಹಾಗೇ ಉಳಿಯಿತು. ಬೀಸುಭಾರ ಹೆಚ್ಚಿದಾಗ ವೇಗ ಇಳಿಯಿತು. ಇಳಿದದ್ದು ನಿಧಾನವಾಗಿ: ಬೀಸುಭಾರ ಶೇಕಡ 4ರಷ್ಟು ಹೆಚ್ಚಿದರೆ ವೇಗ ಶೇಕಡ 1ರಷ್ಟು ಕುಗ್ಗುವ ಲೆಕ್ಕ. ಇದು ಮುಂದೆ ಮತ್ತೆ ಬೇಕಾಗುತ್ತದೆ.

ಎರಡನೇ ಗ್ರಿಪ್ಪಿನ ಲೆಕ್ಕ

ಈಗ ಗ್ರಿಪ್ಪಿಗೆ ಬರೋಣ. ಅದನ್ನು ಸಮರ್ಥಿಸುವವರ ಬಳಿ ಒಂದು ಪುರಾವೆ ಇದೆ, ಸುಳ್ಳು ಪುರಾವೆಯೇನಲ್ಲ. ಬ್ಯಾಟನ್ನು ಅಡ್ಡಲಾಗಿ ಒಂದು ಬೆರಳಿನ ಮೇಲೆ ನಿಲ್ಲಿಸಿ, ಎತ್ತಲೂ ವಾಲದೆ ನಿಲ್ಲುವ ಜಾಗಕ್ಕೆ ಪೆನ್ಸಿಲಿನಲ್ಲಿ ಗುರುತು ಹಾಕಿ. ಇನ್ನೊಂದು ಗ್ರಿಪ್ ಏರಿಸಿ ಮತ್ತೆ ನಿಲ್ಲಿಸಿದರೆ ಆ ಜಾಗ ಹ್ಯಾಂಡಲಿನ ಕಡೆಗೆ ಒಂದು ಸೆಂಟಿಮೀಟರಿಗೂ ಹೆಚ್ಚು ಸರಿದಿರುತ್ತದೆ. ಸಮತೋಲದ ಬಿಂದು ಕೈಗೆ ಹತ್ತಿರ ಬಂತು, ಆದ್ದರಿಂದ ಬ್ಯಾಟು ಹಗುರಾಯಿತು ಎಂಬುದು ಅವರ ವಾದ. ಅಳತೆ ಸರಿಯಾಗಿದೆ; ಅದರಿಂದ ಎಳೆದ ತೀರ್ಮಾನ ತಪ್ಪಾಗಿದೆ. ಬಿಂದು ಹತ್ತಿರ ಬಂದದ್ದು ನಿಜ, ಆದರೆ ಆ ಬಿಂದುವಿನಲ್ಲಿ ಈಗ 50 ಗ್ರಾಂ ಹೆಚ್ಚು ತೂಗುತ್ತಿದೆ. ಒಂದು ಇಳಿದು ಇನ್ನೊಂದು ಏರಿದರೆ ಎರಡರ ಗುಣಲಬ್ಧ ಏನಾಯಿತು ಎಂದು ನೋಡಬೇಕಲ್ಲವೇ?

ನೋಡುವುದಕ್ಕೆ ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಮೇಜಿನ ಮೇಲೆ ಒಂದು ಪುಸ್ತಕವಿಟ್ಟು ಅದರ ಮೇಲೆ ದುಂಡನೆಯ ಪೆನ್ಸಿಲ್ ಇಡಿ. ಹ್ಯಾಂಡಲಿನ ತುದಿಯಿಂದ 8 ಸೆಂಟಿಮೀಟರ್ ಕೆಳಗೆ, ಮೇಲಿನ ಕೈ ಕೂರುವ ಜಾಗದ ನಡುವೆ, ಬ್ಯಾಟು ಆ ಪೆನ್ಸಿಲಿನ ಮೇಲೆ ಒರಗಲಿ. ಟೋ ತಕ್ಕಡಿಯ ಮೇಲಿರಲಿ. ಬ್ಯಾಟು ನೆಲಕ್ಕೆ ಸಮಾಂತರವಾಗಿರುವಂತೆ ಪುಸ್ತಕಗಳನ್ನು ಹೆಚ್ಚುಕಡಿಮೆ ಮಾಡಿಕೊಳ್ಳಿ. ತಕ್ಕಡಿ ಈಗ ತೋರಿಸುವುದು ಬ್ಯಾಟಿನ ತೂಕವನ್ನಲ್ಲ, ಹಿಡಿಭಾರವನ್ನು. 86 ಸೆಂಟಿಮೀಟರ್ ಉದ್ದದ, 1,200 ಗ್ರಾಂ ತೂಕದ ಸಾಮಾನ್ಯ ಬ್ಯಾಟಿಗೆ ಅದು 660 ಗ್ರಾಮಿನ ಆಸುಪಾಸು ಬರಬೇಕು. ಟೋ ಮೇಲೆ 20 ಗ್ರಾಂ ತೂಕದ ಏನನ್ನಾದರೂ ಇಟ್ಟರೆ ಅಂಕಿ ಸರಿಯಾಗಿ 20ರಷ್ಟು ಏರುತ್ತದೆ. ಅದನ್ನು ತೆಗೆದು, ಹ್ಯಾಂಡಲಿಗೆ 50 ಗ್ರಾಮಿನ ಗ್ರಿಪ್ ಏರಿಸಿ ಮತ್ತೆ ಇಡಿ. ಅಂಕಿ ಏರುವುದು ನಾಲ್ಕೈದು ಗ್ರಾಂ. ಗಮನಿಸಿ, ಅದು ಇಳಿಯಲೂ ಇಲ್ಲ, ಸ್ವಲ್ಪ ಏರಿತು. ಗ್ರಿಪ್ಪಿನ ಒಂದು ತುಂಡು ಪೆನ್ಸಿಲಿನ ಆಚೆಗಿದ್ದು ಟೋವನ್ನು ಎತ್ತುತ್ತಿದೆಯಾದರೂ ಅದಕ್ಕಿಂತ ಉದ್ದದ ತುಂಡು ಈಚೆಗಿದ್ದು ಒತ್ತುತ್ತಿದೆ.

ಬೀಸುಭಾರದ ಲೆಕ್ಕದಲ್ಲಂತೂ ಗ್ರಿಪ್ಪಿಗೆ ಬೆಲೆಯೇ ಇಲ್ಲ. ದೂರಕ್ಕೆ ಎರಡು ಸಲ ಬೆಲೆ ತೆರುವ ಲೆಕ್ಕವಾದ್ದರಿಂದ ಕೈಯ ಅಕ್ಕಪಕ್ಕದಲ್ಲೇ ಇರುವ 50 ಗ್ರಾಂ ರಬ್ಬರು ಅದನ್ನು ಶೇಕಡ ಒಂದರ ಕಾಲುಭಾಗದಷ್ಟೂ ಕದಲಿಸುವುದಿಲ್ಲ. ಅದೇ ಟೋನಲ್ಲಿ ಸೇರಿದ 20 ಗ್ರಾಂ ಶೇಕಡ 4ರಷ್ಟು ಹೆಚ್ಚಿಸುತ್ತದೆ. ಗ್ರಿಪ್ಪಿನ ಅರ್ಧಕ್ಕಿಂತ ಕಡಿಮೆ ತೂಕ, ಹದಿನೈದು ಪಟ್ಟಿಗೂ ಹೆಚ್ಚಿನ ಪರಿಣಾಮ. ಹ್ಯಾಂಡಲಿಗೆ ತೂಕ ಸೇರಿಸಿ ಟೋ ಹಗುರ ಮಾಡುತ್ತೇನೆ ಎಂಬ ಆಸೆಗೆ ಅಂಕಗಣಿತದ ಬೆಂಬಲವಿಲ್ಲ.

ಹಾಗಾದರೆ ಕೈಗೆ ಹಗುರ ಅನ್ನಿಸುವುದೇಕೆ?

ಇಲ್ಲಿ ಅನುಭವಸ್ಥರು ತಕರಾರು ತೆಗೆಯುವುದು ನ್ಯಾಯವೇ. ಲೆಕ್ಕ ಏನೇ ಹೇಳಲಿ, ಹೊಸ ಗ್ರಿಪ್ ಹಾಕಿದ ಮೇಲೆ ಬ್ಯಾಟು ಹಗುರಾಗಿ ಬರುತ್ತದೆ, ಇದು ಸಾವಿರಾರು ಜನರ ಅನುಭವ ಎನ್ನುತ್ತಾರೆ. ಆ ಅನುಭವವನ್ನು ಭ್ರಮೆ ಎಂದು ತಳ್ಳಿಹಾಕುವುದು ವಿಜ್ಞಾನದ ಕೆಲಸವಲ್ಲ. ಅದಕ್ಕೆ ಕಾರಣ ಬ್ಯಾಟಿನಲ್ಲಿಲ್ಲ, ಅಂಗೈಯಲ್ಲಿದೆ ಎಂಬುದು ನನ್ನ ವಾದ.

ನಮ್ಮ ಕೈ ಭಾರವನ್ನು ತಕ್ಕಡಿಯಂತೆ ನೇರವಾಗಿ ಅಳೆಯುವುದಿಲ್ಲ, ಹಲವು ಸುಳಿವುಗಳಿಂದ ಊಹಿಸುತ್ತದೆ. ಒಂದೇ ತೂಕದ ಎರಡು ವಸ್ತುಗಳಲ್ಲಿ ಗಾತ್ರದಲ್ಲಿ ದೊಡ್ಡದು ಹಗುರವಾಗಿ ತೋರುತ್ತದೆ ಎಂದು ಫ್ರಾನ್ಸಿನ ಶಾರ್ಪಾಂತಿಯೆ 1891ರಲ್ಲೇ ತೋರಿಸಿದ್ದರು. ಅಮೆರಿಕದ ಕನೆಟಿಕಟ್ ವಿಶ್ವವಿದ್ಯಾಲಯದ ಮೈಕೆಲ್ ಟರ್ವಿ ಮತ್ತು ಅವರ ಸಂಗಡಿಗರು, ಕಣ್ಣಿಗೆ ಕಾಣದ ಕೋಲನ್ನು ಕೈಯಲ್ಲಿ ಆಡಿಸಿದವರು ಅದರ ಉದ್ದವನ್ನು ಊಹಿಸುವುದು ಅದು ತಿರುಗಲು ತೋರುವ ಹಟದ ಆಧಾರದಿಂದ ಎಂದು ಕಂಡುಕೊಂಡರು. ನಮ್ಮ ಪ್ರಶ್ನೆಗೆ ಇನ್ನೂ ಹತ್ತಿರದ್ದು ಮತ್ತೊಂದು ಸಂಗತಿ: ನುಣುಪಾದ ವಸ್ತುವನ್ನು ಎತ್ತಿದವರಿಗೆ ಅದು ಅದೇ ತೂಕದ ಒರಟು ವಸ್ತುವಿಗಿಂತ ಭಾರ ಅನ್ನಿಸುತ್ತದೆ. ಜಾರದಂತೆ ತಡೆಯಲು ಬೆರಳುಗಳು ಹೆಚ್ಚು ಬಿಗಿಯಬೇಕಾಗುತ್ತದೆ. ಆ ಬಿಗಿತವನ್ನೇ ಮಿದುಳು ಭಾರದ ಖಾತೆಗೆ ಬರೆದುಕೊಳ್ಳುತ್ತದೆ.

ಸವೆದು, ಬೆವರು ಕುಡಿದು, ನುಣುಪಾದ ಹಳೆಯ ಗ್ರಿಪ್ಪಿನ ಮೇಲೆ ಹೊಸ ಗ್ರಿಪ್ ಏರಿಸಿದಾಗ ನಡೆಯುವುದು ಇದು. ಹೊಸ ರಬ್ಬರು ಅಂಗೈಗೆ ಕಚ್ಚಿಕೊಳ್ಳುತ್ತದೆ. ಮುಷ್ಟಿ ಸಡಿಲವಾಗುತ್ತದೆ. ಮುಂದೋಳಿನ ಸ್ನಾಯುಗಳು ಬಿಗಿತ ಬಿಟ್ಟು ಮಣಿಕಟ್ಟನ್ನು ಆಡಲು ಬಿಡುತ್ತವೆ. ಬ್ಯಾಟು ಹಗುರಾಗಿ ಬರುತ್ತದೆ. ಇದಕ್ಕೆ ಎರಡನೇ ಗ್ರಿಪ್ ಬೇಕಿಲ್ಲ. ಹಳೆಯದನ್ನು ಕತ್ತರಿಸಿ ತೆಗೆದು ಒಂದು ಹೊಸದನ್ನು ಹಾಕಿದರೂ ಇದೇ ಲಾಭ. ಕೈ ದೊಡ್ಡದಾಗಿದ್ದು ಹ್ಯಾಂಡಲು ಸಪೂರವಾಗಿದ್ದರೆ, ಅಥವಾ ಚೆಂಡು ಬಡಿದಾಗ ಬರುವ ಝುಮ್ಮೆನ್ನುವ ನಡುಕ ತಗ್ಗಬೇಕಿದ್ದರೆ, ಎರಡು ಗ್ರಿಪ್ ಹಾಕಿಕೊಳ್ಳಲು ಅದು ತಕ್ಕ ಕಾರಣವೇ. ಸಮತೋಲಕ್ಕಾಗಿ ಹಾಕುವುದು ಮಾತ್ರ ತಕ್ಕ ಕಾರಣವಲ್ಲ.

ಇನ್ನೊಂದು ತಕರಾರು ಸೂಕ್ಷ್ಮವಾದದ್ದು. ಬ್ಯಾಟು ಬೀಸುವಾಗ ಮೇಲಿನ ಕೈಯೇನು ಗೋಡೆಗೆ ಹೊಡೆದ ಮೊಳೆಯಂತೆ ನಿಂತಿರುವುದಿಲ್ಲ. ಭುಜ, ಮೊಣಕೈ ಎಲ್ಲ ಚಲಿಸುತ್ತಿರುತ್ತವೆ. ಹಾಗಿರುವಾಗ ಕೈಯನ್ನು ನಡುವಾಗಿಟ್ಟು ಮಾಡಿದ ಲೆಕ್ಕ ನಿಲ್ಲುತ್ತದೆಯೇ? ಪ್ರಶ್ನೆ ಸರಿಯಾದದ್ದೇ, ಆದರೆ ಉತ್ತರ ಗ್ರಿಪ್ಪಿನ ಪರವಾಗಿ ಬರುವುದಿಲ್ಲ. ಕೈಯೂ ಚಲಿಸುವುದಾದರೆ ಗ್ರಿಪ್ಪಿನ 50 ಗ್ರಾಮನ್ನೂ ಕೈ ತನ್ನ ಜೊತೆಗೆ ಹೊತ್ತುಕೊಂಡೇ ಓಡಬೇಕು. ಲೆಕ್ಕವನ್ನು ಎಷ್ಟು ನಿಖರ ಮಾಡಿದರೂ ಸೇರಿಸಿದ ತೂಕ ಎಂದೂ ಹೊರೆಯೇ.

ಟೋನ ರಾಜ್ಯಭಾರ

ಹ್ಯಾಂಡಲಿನಲ್ಲಿ 50 ಗ್ರಾಮಿಗೆ ಬೆಲೆಯಿಲ್ಲ, ಟೋನಲ್ಲಿ 5 ಗ್ರಾಮಿಗೂ ಬೆಲೆಯಿದೆ. ಹಾಗಾದರೆ ಟೋನಲ್ಲಿ ಗೊತ್ತಿಲ್ಲದೆ ಏನೇನು ಸೇರಿಕೊಳ್ಳುತ್ತದೆ ಎಂದು ವಿಚಾರಿಸುವುದು ಲೇಸು. ಮೊದಲ ಅನುಮಾನ ನೀರಿನ ಮೇಲೆ. ವಿಲ್ಲೋ ಮರದ ನಾಳಗಳು ಬ್ಯಾಟಿನ ಉದ್ದಕ್ಕೂ ಹರಿದು ಟೋನಲ್ಲಿ ಅಡ್ಡಕ್ಕೆ ಕತ್ತರಿಸಿಕೊಂಡಿರುತ್ತವೆ. ಅಂದರೆ ಅವುಗಳ ಬಾಯಿ ತೆರೆದಿರುವುದು ನೆಲಕ್ಕೆ ತಾಗುವ ಭಾಗದಲ್ಲೇ. ಒದ್ದೆ ಹುಲ್ಲಿನ ಮೇಲೆ ಬ್ಯಾಟು ಕುಟ್ಟುತ್ತ ನಿಲ್ಲುವ ಬ್ಯಾಟ್ಸ್‌ಮನ್ ತನ್ನ ಬ್ಯಾಟಿನ ಅತ್ಯಂತ ದುಬಾರಿ ಜಾಗಕ್ಕೆ ನೀರೂಡುತ್ತಿರುತ್ತಾನೆ. ಟೋ ಉಬ್ಬಿ ಸೀಳುವುದು ಎಲ್ಲರಿಗೂ ಕಾಣುವ ನಷ್ಟ; ಅದಕ್ಕೂ ಮೊದಲೇ ಬೀಸುಭಾರ ಏರಿರುತ್ತದೆ, ಅದು ಕಾಣುವುದಿಲ್ಲ.

ನೀರು ತಾಗದಿದ್ದರೂ ಗಾಳಿಯ ತೇವ ಬಿಡುವುದಿಲ್ಲ. ಮರವು ಸುತ್ತಲಿನ ಗಾಳಿಗೆ ತಕ್ಕಂತೆ ತೇವ ಹೀರುತ್ತದೆ, ಬಿಡುತ್ತದೆ. ಗಾಳಿಯ ಆರ್ದ್ರತೆ ಶೇಕಡ 90ರಲ್ಲೇ ನಿಂತರೆ ಮರ ನಿಧಾನವಾಗಿ ತನ್ನ ಒಣತೂಕದ ಶೇಕಡ 20ರಷ್ಟು ನೀರಿನತ್ತ ಸಾಗುತ್ತದೆ. ಶೇಕಡ 30ರಲ್ಲಿ ನಿಂತರೆ ಶೇಕಡ 6ಕ್ಕೆ ಇಳಿಯುತ್ತದೆ. ಎಣ್ಣೆ ಹಚ್ಚಿದ, ಹಾಳೆ ಅಂಟಿಸಿದ ಬ್ಯಾಟು ಅಷ್ಟು ದೂರ ಹೋಗುವುದಿಲ್ಲ, ಆದರೆ ದಿಕ್ಕು ಅದೇ. ಬೇಸಿಗೆಯಲ್ಲಿ ಕಲಬುರಗಿಯಲ್ಲಿ ಕೊಂಡ ಬ್ಯಾಟು ಆಷಾಢದ ಮಂಗಳೂರಿನಲ್ಲಿ ಭಾರ ಅನ್ನಿಸಿದರೆ ಕೈಯನ್ನು ದೂರಬೇಕಿಲ್ಲ. ಒಂದು ಕಿಲೋ ಮರದಲ್ಲಿ ಶೇಕಡ 2ರಷ್ಟು ತೇವ ಹೆಚ್ಚಿದರೂ 20 ಗ್ರಾಮಿನ ಹತ್ತಿರ ಸೇರಿತು. ಟೋನಲ್ಲೇ ಸೇರಿದ 20 ಗ್ರಾಮಿನಷ್ಟು ಇದು ಕಾಡುವುದಿಲ್ಲ, ಏಕೆಂದರೆ ಇಡೀ ಮರದಲ್ಲಿ ಹಂಚಿಹೋಗಿರುತ್ತದೆ. ಹಾಗೆಂದು ಹೀಟರಿನ ಮುಂದೆಯೋ ಬಿಸಿಲಿನ ಕಾರಿನಲ್ಲೋ ಇಟ್ಟು ಒಣಗಿಸಲು ಹೋಗಬೇಡಿ. ತೀರಾ ಒಣಗಿದ ವಿಲ್ಲೋ ಗಾಜಿನ ಗುಣಕ್ಕೆ ತಿರುಗಿ ಒಡೆಯುತ್ತದೆ.

ಅಗಸೆ ಎಣ್ಣೆಯದೂ ಇದೇ ಕತೆ. ಒಂದು ಟೀ ಚಮಚ ಎಣ್ಣೆ 5 ಗ್ರಾಮಿಗಿಂತ ತುಸು ಕಡಿಮೆ ತೂಗುತ್ತದೆ. ತೆಳುವಾಗಿ ಬಳಿದರೆ ತೊಂದರೆಯಿಲ್ಲ. ಬ್ಯಾಟನ್ನು ನೆಟ್ಟಗೆ ನಿಲ್ಲಿಸಿ ಧಾರಾಳವಾಗಿ ಎರೆದರೆ ಹೆಚ್ಚಿನದೆಲ್ಲ ಇಳಿದು ಟೋನಲ್ಲಿ ಕೂರುತ್ತದೆ. ಎಣ್ಣೆ ಹಚ್ಚಿದ ಬ್ಯಾಟನ್ನು ಮಲಗಿಸಿ ಒಣಗಿಸಬೇಕು ಎಂಬ ಹಳಬರ ಮಾತಿನಲ್ಲಿ ಹುರುಳಿದೆ. ಟೋಗೆ ಅಂಟಿಸುವ ರಬ್ಬರ್ ಪಟ್ಟಿ ಕೆಲವು ಗ್ರಾಂ ಸೇರಿಸುವುದು ನಿಜ, ಆದರೆ ನೀರನ್ನು ತಡೆಯುವುದರಿಂದ ಆ ಸಾಲ ತೀರುತ್ತದೆ. ಪಟ್ಟಿ ತೆಳ್ಳಗಿರಲಿ, ಅಂಟು ಕಡಿಮೆಯಿರಲಿ. ಬ್ಯಾಟಿನ ಮುಖ, ಬೆನ್ನು, ಪಕ್ಕಗಳ ಮೇಲೆ ಅದು ಹರಡಬಾರದು ಎಂದು ನಿಯಮವೂ ಹೇಳುತ್ತದೆ.

ಮರ ಕೀಸುವ ಮೊದಲು

ಟೋನ ಗ್ರಾಂ ಅಷ್ಟು ದುಬಾರಿಯಾದರೆ ಅಲ್ಲೇ ಮರ ಕಳೆಯಬಾರದೇಕೆ? ಕಳೆಯಬಹುದು, ನಿಯಮದ ಅಡ್ಡಿಯಿಲ್ಲ. ಆದರೆ ಎಷ್ಟು ಕಳೆಯಬೇಕಾದೀತು ಎಂದು ಮೊದಲು ನೋಡಿ. ವಿಲ್ಲೋ ತುಂಬಾ ಹಗುರವಾದ ಮರ. ನೀರಿನ ಅರ್ಧದಷ್ಟೂ ತೂಗುವುದಿಲ್ಲ. 20 ಗ್ರಾಂ ವಿಲ್ಲೋ ಎಂದರೆ ಸುಮಾರು 50 ಘನ ಸೆಂಟಿಮೀಟರ್. ಬ್ಯಾಟಿನ ಬೆನ್ನಿನ ಕೆಳಗಿನ 15 ಸೆಂಟಿಮೀಟರ್ ಉದ್ದದಲ್ಲಿ, ಪೂರ್ತಿ ಅಗಲಕ್ಕೆ, 3 ಮಿಲಿಮೀಟರ್ ದಪ್ಪದ ಪದರವನ್ನೇ ಎತ್ತಿದರೆ ಅಷ್ಟಾಗುತ್ತದೆ. ಸ್ಯಾಂಡ್‌ಪೇಪರಿನಿಂದ ಎರಡು ನಿಮಿಷ ಉಜ್ಜಿ 'ಈಗ ಪಿಕಪ್ ಸರಿಹೋಯಿತು' ಎಂದು ಹೇಳುವವರು ಕಳೆದಿರುವುದು ಒಂದೆರಡು ಗ್ರಾಮನ್ನು ಮಾತ್ರ. ನಿಜವಾಗಿ 20 ಗ್ರಾಂ ಕಳೆಯಲು ಕೀಸುಳಿ ಅಥವಾ ಅರ ಬೇಕು, ನುರಿತ ಕೈ ಬೇಕು. ಬ್ಯಾಟಿನ ಮುಖಕ್ಕಂತೂ ಕೈ ಹಚ್ಚಲೇಬಾರದು. ಕಾರ್ಖಾನೆಯಲ್ಲಿ ಆ ಮುಖವನ್ನು ಯಂತ್ರದಲ್ಲಿ ಒತ್ತಿ ಗಟ್ಟಿ ಮಾಡಿರುತ್ತಾರೆ. ಆ ಗಟ್ಟಿ ಪದರವನ್ನು ಉಜ್ಜಿ ತೆಗೆದರೆ ಚೆಂಡು ಮೆತ್ತನೆಯ ಮರಕ್ಕೆ ಬಡಿಯುತ್ತದೆ.

ಇಷ್ಟು ಮಾಡಿದ ಮೇಲೆ ಸಿಗುವುದೇನು? ಬೀಸುಭಾರದಲ್ಲಿ ಶೇಕಡ 4ರ ಹತ್ತಿರದ ಇಳಿಕೆ, ಬೀಸುವ ವೇಗದಲ್ಲಿ ಶೇಕಡ 1ರ ಏರಿಕೆ. ಇನ್ನೊಂದು ಕಡೆ, ಚೆಂಡನ್ನು ಎದುರಿಸುವ ಜಾಗದ ಹಿಂದಿನ ಮರ ಕಡಿಮೆಯಾಯಿತು. ಡಿಕ್ಕಿಯಲ್ಲಿ ಬ್ಯಾಟು ಹೆಚ್ಚು ಹಿಮ್ಮೆಟ್ಟುತ್ತದೆ, ಚೆಂಡಿಗೆ ದಾಟುವ ಪಾಲು ಕುಗ್ಗುತ್ತದೆ. ಈ ಕೊಡುಕೊಳ್ಳುವಿಕೆಯ ಫಲ ಏನೆಂಬುದನ್ನು ಬೇಸ್‌ಬಾಲ್ ಜಗತ್ತು ಚೆನ್ನಾಗಿ ಪರೀಕ್ಷಿಸಿದೆ. 2003ರ ಜೂನಿನಲ್ಲಿ ಶಿಕಾಗೊ ಕಬ್ಸ್ ತಂಡದ ಸ್ಯಾಮಿ ಸೋಸಾ ಅವರ ಬ್ಯಾಟು ಆಟದ ನಡುವೆ ಮುರಿದು ಒಳಗೆ ತುಂಬಿದ್ದ ಬಿರಡೆಮರ ಹೊರಬಿತ್ತು. ತುದಿಯನ್ನು ಕೊರೆದು ಹಗುರವಾದ ಬಿರಡೆಮರ ತುಂಬಿದರೆ ಚೆಂಡು ದೂರ ಹೋಗುತ್ತದೆ ಎಂಬ ನಂಬಿಕೆ ಅಲ್ಲಿ ಹಳೆಯದು. ಇಲಿನಾಯ್ ವಿಶ್ವವಿದ್ಯಾಲಯದ ಅಲನ್ ನೇಥನ್ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಫಲಿತಾಂಶ ಆ ನಂಬಿಕೆಯನ್ನು ಸುಳ್ಳು ಮಾಡಿತು. ಬೀಸುವ ವೇಗದಲ್ಲಿ ಬಂದ ಲಾಭವನ್ನು ಡಿಕ್ಕಿಯಲ್ಲಿನ ನಷ್ಟ ನುಂಗಿ, ಚೆಂಡಿನ ವೇಗ ಹೆಚ್ಚುವ ಬದಲು ತುಸು ತಗ್ಗುತ್ತದೆ. ಟೋ ಹಗುರ ಮಾಡುವವರು ಸಿಕ್ಸರಿನ ಆಸೆಯಿಂದ ಮಾಡಬಾರದು. ಸಿಗುವ ಲಾಭ ಬೇರೆಯದು: ಬ್ಯಾಟು ಬೇಗ ಹೊರಡುತ್ತದೆ, ಬೇಗ ನಿಲ್ಲುತ್ತದೆ, ಚೆಂಡಿನ ದಾರಿ ನೋಡಿ ನಿರ್ಧರಿಸಲು ಕಣ್ಣಿಗೆ ಒಂದು ಕ್ಷಣ ಹೆಚ್ಚು ಸಿಗುತ್ತದೆ. ಕಟ್, ಪುಲ್, ಲೇಟ್ ಕಟ್ ಆಡುವವರಿಗೆ ಆ ಕ್ಷಣವೇ ಬಂಡವಾಳ.

ಈ ತೀರ್ಪಿಗೆ ಒಂದು ವಿನಾಯಿತಿ ಇದೆ. ನಮ್ಮ ಊರುಗಳ ಭಾನುವಾರದ ಪಂದ್ಯಾವಳಿಗಳಲ್ಲಿ ಟೆನಿಸ್ ಚೆಂಡಿನಲ್ಲಿ ಆಡುತ್ತಾರೆ. ತೊಗಲಿನ ಕ್ರಿಕೆಟ್ ಚೆಂಡು 156ರಿಂದ 163 ಗ್ರಾಂ ತೂಗಿದರೆ ಸಾಮಾನ್ಯ ಟೆನಿಸ್ ಚೆಂಡು 60 ಗ್ರಾಂ ಕೂಡ ತೂಗುವುದಿಲ್ಲ. ಅಷ್ಟು ಹಗುರ ಚೆಂಡಿಗೆ ಬ್ಯಾಟು ಹಿಮ್ಮೆಟ್ಟುವ ಪ್ರಶ್ನೆ ದೊಡ್ಡದಲ್ಲ. ಮರ ತುಸು ಕಡಿಮೆಯಾದರೂ ಡಿಕ್ಕಿಯಲ್ಲಿ ನಷ್ಟ ಅತ್ಯಲ್ಪ, ವೇಗದ ಲಾಭ ಮಾತ್ರ ಪೂರ್ತಿ ಉಳಿಯುತ್ತದೆ. ಬೆನ್ನು ಕೊರೆದ ಟೆನಿಸ್ ಬ್ಯಾಟುಗಳನ್ನು ಗೇಲಿ ಮಾಡುವವರು ಇದನ್ನು ಗಮನಿಸಬೇಕು.

ಕೀಸುವ ಗೋಜಿಲ್ಲದೆ ಸೀಸದ ಪಟ್ಟಿಯನ್ನೋ ಇನ್ನಾವುದೋ ಲೋಹವನ್ನೋ ಬ್ಲೇಡಿಗೆ ಅಂಟಿಸಿ ಸಮತೋಲ ಬದಲಿಸುವುದು ಟೆನಿಸ್ ರಾಕೆಟ್ಟಿಗೆ ಸರಿ, ಕ್ರಿಕೆಟ್ಟಿಗೆ ಸಲ್ಲದು. 1979ರ ಡಿಸೆಂಬರಿನಲ್ಲಿ ಪರ್ತ್ ಟೆಸ್ಟಿನಲ್ಲಿ ಡೆನಿಸ್ ಲಿಲ್ಲಿ ಅಲ್ಯೂಮಿನಿಯಂ ಬ್ಯಾಟು ಹಿಡಿದು ಬಂದು ರಂಪವಾದ ಮೇಲೆ ಬ್ಲೇಡು ಮರದ್ದೇ ಆಗಿರಬೇಕೆಂಬ ಮಾತು ನಿಯಮದೊಳಗೆ ಬಂತು.

ಕೈಯನ್ನೇ ಸರಿಸಿದರೆ

ಇದುವರೆಗೆ ಬ್ಯಾಟಿನ ಮರವನ್ನು ಕೈಗೆ ಹತ್ತಿರ ತರುವ ಯೋಚನೆ ಮಾಡಿದೆವು. ಕೈಯನ್ನೇ ಮರದ ಹತ್ತಿರ ಒಯ್ದರೆ? ಹ್ಯಾಂಡಲಿನ ಮೇಲೆ ಎರಡೂ ಕೈಗಳನ್ನು 5 ಸೆಂಟಿಮೀಟರ್ ಕೆಳಗಿಳಿಸಿ ಹಿಡಿದರೆ ಕೈಯಿಂದ ಕೆಳಗಿರುವ ಪ್ರತಿಯೊಂದು ಗ್ರಾಂ ಮರವೂ ಕೈಗೆ 5 ಸೆಂಟಿಮೀಟರ್ ಹತ್ತಿರವಾಯಿತು. ಕೈಯ ಮೇಲುಗಡೆ ಉಳಿದ ಹ್ಯಾಂಡಲಿನ ತುಂಡನ್ನೂ ಲೆಕ್ಕಕ್ಕೆ ಹಿಡಿದು ನೋಡಿದರೆ, ನಮ್ಮ 1,200 ಗ್ರಾಮಿನ ಬ್ಯಾಟಿನ ಬೀಸುಭಾರ ಶೇಕಡ 18ರಷ್ಟು ಇಳಿಯುತ್ತದೆ. 20 ಗ್ರಾಂ ಮರ ಕೀಸಿದಾಗ ಸಿಕ್ಕಿದ್ದರ ನಾಲ್ಕು ಪಟ್ಟಿಗೂ ಹೆಚ್ಚು. ಖರ್ಚಿಲ್ಲ, ಬೇಡವೆನಿಸಿದರೆ ಮರುಕ್ಷಣವೇ ಹಿಂದಕ್ಕೆ ತರಬಹುದು.

ತೆಂಡೂಲ್ಕರ್ ಅಷ್ಟು ಭಾರದ ಬ್ಯಾಟನ್ನು ಹೇಗೆ ಆಡಿಸಿದರು ಎಂಬ ಪ್ರಶ್ನೆಗೆ ಉತ್ತರದ ದೊಡ್ಡ ಪಾಲು ಇಲ್ಲಿದೆ. ಅವರು ಹ್ಯಾಂಡಲಿನ ತೀರಾ ಕೆಳಭಾಗದಲ್ಲಿ ಹಿಡಿಯುತ್ತಿದ್ದರು. ಬಾಲ್ಯದಲ್ಲಿ ಅಣ್ಣನ ದೊಡ್ಡ ಬ್ಯಾಟಿನಲ್ಲಿ ಆಡಿ ಬೆಳೆದ ಅಭ್ಯಾಸ ಅದು. ತಕ್ಕಡಿಯಲ್ಲಿ ಅವರ ಬ್ಯಾಟು ಉಳಿದವರದಕ್ಕಿಂತ ಎಷ್ಟೋ ಭಾರ. ಅವರ ಮಣಿಕಟ್ಟಿಗೆ ಆ ಅಂತರ ಬಹುಪಾಲು ಅಳಿಸಿಹೋಗಿತ್ತು. ಬ್ಯಾಟಿನ ತೂಕವನ್ನು ಮಾತ್ರ ನೋಡಿ ಅವರನ್ನು ಅನುಕರಿಸಿದ ಹುಡುಗರು ಹಿಡಿತವನ್ನು ನೋಡಲಿಲ್ಲ.

ಕೆಳಗೆ ಹಿಡಿದರೆ ಕೈಯಿಂದ ಟೋವರೆಗಿನ ದೂರ ಕುಗ್ಗುತ್ತದೆ, ತಿರುಗುವ ವೇಗ ಅಷ್ಟೇ ಇದ್ದರೂ ಚೆಂಡು ತಾಗುವ ಜಾಗದ ವೇಗ ಇಳಿಯುತ್ತದೆ, ಚಾಚಿ ಡ್ರೈವ್ ಮಾಡುವಾಗ ಕೈಗೆಟುಕುವುದೂ ಕಡಿಮೆ ಎಂಬ ಆಕ್ಷೇಪ ಸರಿಯಾದದ್ದೇ. ಉದ್ದನೆಯ ಆಳುಗಳು, ಮುಂದಡಿಯಿಟ್ಟು ಆಡುವವರು ಮೇಲೆ ಹಿಡಿಯುವುದು ಇದಕ್ಕೇ. ಕೈ ಇಳಿಸುವುದು ಎಲ್ಲರಿಗೂ ಮದ್ದಲ್ಲ. ಆದರೆ ಬ್ಯಾಟು ಭಾರ ಎಂಬ ದೂರು ಇರುವವರು ಮೊದಲು ಪರೀಕ್ಷಿಸಬೇಕಾದ ಮದ್ದು ಇದೇ. ಎರಡು ಬೆರಳು ಇಳಿಸಿ ಹಿಡಿದಾಗ ಆಟ ಸಲೀಸಾದರೆ ಬ್ಯಾಟಿನ ಬೀಸುಭಾರವೇ ನಿಮಗೆ ಹೆಚ್ಚಾಗಿತ್ತೆಂದು ಅರ್ಥ. ಸಲೀಸಾಗದಿದ್ದರೆ ತೊಂದರೆ ಬೇರೆಲ್ಲೋ ಇದೆ, ಮರ ಕೀಸಿದರೂ ಅದು ಹೋಗುವುದಿಲ್ಲ.

ಇದೇ ಲೆಕ್ಕ ಮಕ್ಕಳ ವಿಷಯಕ್ಕೆ ಬಂದಾಗ ಕಠಿಣವಾಗುತ್ತದೆ. 'ಹೇಗೂ ಬೆಳೆಯುತ್ತಾನಲ್ಲ' ಎಂದು ಒಂದು ಅಳತೆ ದೊಡ್ಡ ಬ್ಯಾಟು ಕೊಡಿಸುವುದು ನಮ್ಮಲ್ಲಿ ಬಟ್ಟೆ, ಚಪ್ಪಲಿಗಳಷ್ಟೇ ಸಾಮಾನ್ಯ. ಉದ್ದ ಶೇಕಡ 10, ತೂಕ ಶೇಕಡ 10 ಹೆಚ್ಚಾದರೆ ಬೀಸುಭಾರ ಶೇಕಡ 33ರಷ್ಟು ಏರುತ್ತದೆ. ಹ್ಯಾಂಡಲಿಗೆ ಎಷ್ಟು ಗ್ರಿಪ್ ಸುತ್ತಿದರೂ ಅದು ಇಳಿಯುವುದಿಲ್ಲ. ಹತ್ತು ವರ್ಷದ ಮಣಿಕಟ್ಟು ಆ ಹೊರೆಯನ್ನು ತಡೆಯಲಾರದೆ ಭುಜದಿಂದ ಬೀಸಲು ಕಲಿಯುತ್ತದೆ; ಒಮ್ಮೆ ಕಲಿತದ್ದನ್ನು ತರಬೇತುದಾರರು ಬಿಡಿಸುವುದು ಕಷ್ಟ. ಮಗುವಿಗೆ ಇವತ್ತಿನ ಎತ್ತರಕ್ಕೆ ಹೊಂದುವ ಬ್ಯಾಟನ್ನೇ ಕೊಡಿಸಿ. ದೊಡ್ಡದು ಈಗಾಗಲೇ ಮನೆಗೆ ಬಂದಿದ್ದರೆ, ಕೈ ಕೆಳಗಿಳಿಸಿ ಹಿಡಿಯಲು ಬಿಡಿ. 'ಮೇಲೆ ಹಿಡಿ' ಎಂದು ಗದರಬೇಡಿ.